ಪ್ರಶ್ನಾವಳಿ ಹಿಡಿದು ಗೋಕಾಕದಿಂದ ಹುಕ್ಕೇರಿಗೆ

ಸಂಶೋಧನೆ ಮಾಡುವವರಿಗೆ ಗಂಭೀರ ಮುಖ ಇರಬೇಕಂತೆ. ನನ್ನ ಪ್ರಶ್ನಾವಳಿ ಅದನ್ನು ಒಂದು ದಿನವೂ ಉಳಿಯಗೊಟ್ಟಿಲ್ಲ. ಹೊಸದಾಗಿ ಉದ್ಯೋಗ ಶುರು ಮಾಡುವವರ ಬೆನ್ನಿಗೆ ಊರಿನವರು ಹೇಗೆ ನಿಲ್ಲುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಶುರುವಾಗಿ ಐದು ವರ್ಷ. "ಈ ಸಲ ಸಮಿತಿ ಒಪ್ಪಲಿಲ್ಲಂದ್ರ ನಿಮ್ಮ ರಜಿಸ್ಟ್ರೇಶನ್ ರದ್ದಾಗ್ತೈತಿ ನೋಡ್ರಿ," ಎಂದು ಮಾರ್ಗದರ್ಶಕರು ಹೇಳಿದ ಮೇಲಂತೂ ನನಗೆ ಊಟ ಸೇರುತ್ತಿರಲಿಲ್ಲ.

ಗೋಕಾಕದ ರೊಟ್ಟಿ

ಗೋಕಾಕದಲ್ಲಿ ಒಬ್ಬಾಕೆ ಖಡಕ್ ರೊಟ್ಟಿ ವ್ಯಾಪಾರ ಹಾಕಿದ್ದಳು. ಅವಳಿಗೆ ನೆರವಾದ ಸಂಘದ ಹತ್ತು ಹೆಂಗಸರನ್ನು ಬೇರೆ ಬೇರೆಯಾಗಿ ಮಾತಾಡಿಸಬೇಕಿತ್ತು. ಒಬ್ಬೊಬ್ಬರೇ ಬನ್ನಿ ಎಂದರೆ ಹತ್ತೂ ಜನ ಬಂದು ಕೂತರು. ಮೊದಲನೆಯಾಕೆ ಉತ್ತರ ಹೇಳಿದಳು. ಎರಡನೆಯಾಕೆಯನ್ನು ಕೇಳಿದರೆ, "ಆಕಿ ಹೇಳ್ಯಾಳಲ್ರಿ, ಅದನ್ನ ಬರಕೋರಿ," ಎಂದಳು.

"ನಿಮ್ಮ ಅಭಿಪ್ರಾಯ ಬ್ಯಾರೆ ಇರಬಹುದಲ್ರಿ?"

ಆಕೆ ಗಾಬರಿಯಾದಳು. "ಬ್ಯಾರೆ ಯಾಕ ಇರ್ತೈತ್ರಿ? ನಾವೇನ್ ಜಗಳಾ ಆಡೇವೇನ್ರಿ?"

ಹತ್ತು ಫಾರ್ಮು, ಒಂದೇ ಉತ್ತರ. ನಾನೇ ಮನೆಯಲ್ಲಿ ಕೂತು ತುಂಬಿದ್ದೇನೆಂದು ಮಾರ್ಗದರ್ಶಕರು ಒಂದು ವಾರ ಮಾತು ಬಿಟ್ಟರು.

ಮೂಡಲಗಿಯ ಮೋಟರು

ಮೂಡಲಗಿಯಲ್ಲಿ ಒಬ್ಬರು ಪಂಪಿನ ಮೋಟರು ರಿಪೇರಿ ಅಂಗಡಿ ತೆಗೆದಿದ್ದರು. ನಾನು ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ, "ಅಕ್ಕಾರ, ಹೆಂಗೂ ಕುಂತೀರಿ, ಇದರ ತುದಿ ಸ್ವಲ್ಪ ಹಿಡೀರಿ," ಎಂದು ತಾಮ್ರದ ತಂತಿ ಕೈಗಿತ್ತರು. ನಾನು ಹಿಡಿದೆ, ಅವರು ಸುತ್ತಿದರು. ಊಟದ ಹೊತ್ತು ಮೀರಿತು. ಇಬ್ಬರು ರೈತರು ಬಂದು, "ನಮ್ಮ ಮೋಟರ್ ಯಾವಾಗ ಕೊಡ್ತೀರಿ?" ಎಂದು ನನ್ನನ್ನೇ ಬೈದು ಹೋದರು. ಕಡೆಗೆ ಫಾರ್ಮನ್ನು ಅಂಗಡಿಯವರೇ ತುಂಬಿಕೊಟ್ಟರು. 'ಕೂಲಿಯಿಲ್ಲದೆ ಸಹಾಯ ಮಾಡಿದವರು' ಎಂಬಲ್ಲಿ ಒಂದೇ ಹೆಸರಿತ್ತು, ಅದು ನನ್ನದು.

ಹುಕ್ಕೇರಿಯ ಟೇಲರುಗಳು

ಹುಕ್ಕೇರಿಯ ಒಂದು ಓಣಿಯಲ್ಲಿ ನಾಲ್ಕು ಟೇಲರ್ ಅಂಗಡಿಗಳಿವೆ. ಊರಲ್ಲಿ ಹೊಸ ಟೇಲರೊಬ್ಬ ಅಂಗಡಿ ತೆಗೆದರೆ, ಆ ನಾಲ್ವರೂ ಅಂದು ತಮ್ಮ ಅಂಗಡಿ ಮುಚ್ಚಿ, ತಮ್ಮ ಅಂಗಿಯ ಬಟ್ಟೆಯನ್ನೇ ಅವನಿಗೆ ಹೊಲಿಯಲು ಕೊಟ್ಟು ಬೋಣಿಗೆ ಮಾಡುತ್ತಾರೆ. ನನ್ನ ಪ್ರಬಂಧ ನಿಂತಿದ್ದೇ ಈ ಪದ್ಧತಿಯ ಮೇಲೆ.

ವಿಶ್ವವಿದ್ಯಾಲಯದ ಬಹಿರಂಗ ಸಭೆಯಲ್ಲಿ ಸಮಿತಿಯ ಮುಂದೆ ಅದನ್ನೇ ಹೇಳಿದೆ. ಹಿರಿಯ ಪ್ರಾಧ್ಯಾಪಕರೊಬ್ಬರು, "ಎದುರಾಳಿ ಸಲುವಾಗಿ ಯಾರ್ರಿ ಅಂಗಡಿ ಮುಚ್ತಾರ? ಇದಕ್ಕ ಪುರಾವೆ ಏನೈತಿ?" ಎಂದರು. ನಾನು ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಐದು ವರ್ಷ ನೀರಿಗೆ ಹೋಯಿತೆಂದೇ ತಿಳಿದೆ.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ತಿರುಗಿದರೆ ಹುಕ್ಕೇರಿಯ ಆ ನಾಲ್ವರೂ! ಹಿಂದೊಮ್ಮೆ ಅವರೊಡನೆ ಮಾತಿನ ನಡುವೆ ಈ ಸಭೆಯ ತಾರೀಖು ಹೇಳಿದ್ದೆ ಅಷ್ಟೇ, ಬಸ್ಸು ಹಿಡಿದು ಬಂದುಬಿಟ್ಟಿದ್ದರು. ಕಣ್ಣು ತುಂಬಿ ಬಂತು. ಅವರಲ್ಲಿ ಹಿರಿಯರು ಎದ್ದು, "ಖರೇ ಐತ್ರಿ ಸರ. ಇವತ್ತೂ ನಾಲ್ಕೂ ಅಂಗಡಿ ಬಂದ್ ಮಾಡೇ ಬಂದೇವ್ರಿ," ಎಂದರು.

"ಇವತ್ತ ಯಾರದು ಹೊಸಾ ಅಂಗಡಿ?" ಎಂದು ಪ್ರಾಧ್ಯಾಪಕರು ಕೇಳಿದರು.

ಆ ಟೇಲರು ನನ್ನ ಕಡೆ ಕೈ ತೋರಿಸಿದರು. "ಈ ಅಕ್ಕಾರದರಿ. ಪಾಪ, ಐದು ವರ್ಷ ಆತು, ಇನ್ನೂ ಬೋಣಿಗಿ ಆಗಿಲ್ಲ."

ಸಭೆಯೆಲ್ಲ ನಕ್ಕಿತು. ಪ್ರಾಧ್ಯಾಪಕರು ನಗುತ್ತಲೇ ಪೆನ್ನು ತೆಗೆದು, "ಹಂಗಾರ ನಾನ ಮಾಡ್ತೇನಿ ತಗೋರಿ," ಎಂದು ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ಹಾಕಿದರು.