ಅಂಗನವಾಡಿಯಲ್ಲಿ ನನ್ನ ಪದ್ಯಗಳು ಪಟ್ಟ ಪಾಡು

ಪದ್ಯ ಹಿಡಿದುಕೊಂಡು ಚಿಕ್ಕ ಮಕ್ಕಳ ಮುಂದೆ ಕೂತವನಿಗೆ ದಿನಕ್ಕೊಂದು ಪೇಚು ತಪ್ಪಿದ್ದಲ್ಲ. ಕರೆಂಟ್ ಆಫೀಸಿನಿಂದ ರಿಟೈರಾದ ಮೇಲೆ, ರಾವಂದೂರಿನ ಹತ್ತಿರದ ನಮ್ಮೂರ ಅಂಗನವಾಡಿಗೆ ಹೋಗಿ ನಾನೇ ಕಟ್ಟಿದ ಪದ್ಯ ಹೇಳಿಕೊಡುತ್ತೇನೆ. ಚಂದ್ರ, ನವಿಲು ಯಾವುದೂ ಇಲ್ಲ. ಬಸ್ಸು, ಸಾರು, ಪೊರಕೆ, ಇಂಥವೇ.

ಮೊದಲ ದಿನವೇ ಮೇಡಮ್ಮು ಮೂಲೆಯಲ್ಲಿದ್ದ ಪುಟ್ಟಿಯೊಬ್ಬಳನ್ನು ತೋರಿಸಿದರು. “ಮನೇಲಿ ಪಟಪಟ ಅಂತಾಳಂತೆ ಸಾರ್, ಇಲ್ಲಿ ಮಾತ್ರ ತುಟಿ ಪಿಟಕ್ ಅನ್ನಾಕಿಲ್ಲ.”

“ಇವಳ ಬಾಯಿ ಬಿಡಿಸದೆ ನಾನು ಬಿಡೋನಲ್ಲ” ಅಂದೆ.

“ನೋಡಣ ಬುಡಿ ಸಾರ್.”

ಬಸ್ಸು

“ಬುಸ್ ಬುಸ್ ಅಂತ ಬಂತು ಬಸ್ಸು, ಹತ್ತಿದ ಅಜ್ಜಿ ಅಂದಳು ಉಸ್ಸು!”

ಒಬ್ಬ ಹುಡುಗ ಎದ್ದ. “ಸುಳ್ಳು ಕಣ್ ತಾತ. ನಮ್ಮೂರ್ಗೆ ಬಸ್ ಬರಾಕಿಲ್ಲ. ಆಟೋ ಅನ್ನು.”

“ಪ್ರಾಸ ಕೆಡುತ್ತಪ್ಪಾ.”

“ಕೆಟ್ರೆ ಅಜ್ಜಿ ಇಳ್ದು ತಳ್ತದೆ ಬುಡು!”

ಪುಟ್ಟಿ ನಕ್ಕಳು. ಮಾತಿಲ್ಲ.

ಉಪ್ಸಾರು

“ಅವ್ವ ಕಾಸಿದ ಉಪ್ಸಾರು, ಮುದ್ದೆಗೆ ಅದರದೆ ಕಾರುಬಾರು!” ಹಾಡಿಸಿ, ಭಾವ ತುಂಬಿ ಕೇಳಿದೆ: “ಸಾರು ಮಾಡುವಾಗ ಅವ್ವ ಏನಂತಾಳೆ ಹೇಳ್ರೋ?”

“‘ನಿಮ್ಮಪ್ಪಂಗೆ ಎಷ್ಟ್ ಮಾಡಿಕ್ಕುದ್ರೂ ಅಷ್ಟೆಯಾ’ ಅಂತದೆ!”

ಎಲ್ಲರೂ ಅದನ್ನೇ ಮೂರನೇ ಸಾಲು ಮಾಡಿಕೊಂಡು, ಮನೆ ಮುಟ್ಟುವವರೆಗೂ ಹಾಡಿಕೊಂಡು ಹೋದರು. ಸಂಜೆ ಟೀ ಅಂಗಡಿಯ ಬೆಂಚಿನಲ್ಲಿ ಅಪ್ಪಂದಿರು ಯಾರೂ ನನಗೆ ಜಾಗ ಬಿಡಲಿಲ್ಲ. ಪುಟ್ಟಿಯ ತುಟಿ ಅಲ್ಲಾಡಿತ್ತಂತೂ ನಿಜ. ಶಬ್ದ ಹೊರಟಿರಲಿಲ್ಲ. ನಾನು ಬಿಡಬೇಕಲ್ಲ!

ಹೊಸ ಹಾಡು

“ನಾಳೆ ಹೊಸ ಹಾಡು ತರ್ತೀನಿ” ಎಂದು ಹೇಳಿ ಬಂದೆ. ನಮ್ಮ ಕಡೆ ನಾಲಿಗೆಗೆ ಹಕಾರ ಭಾರ. ಕಿವಿಗೂ ಅಷ್ಟೇ ಎಂಬುದು ನನಗೆ ಹೊಳೆಯಲಿಲ್ಲ.

ಮಾರನೆ ದಿನ ನೋಡಿದರೆ ಮಕ್ಕಳ ಕೈಯಲ್ಲೆಲ್ಲ ಹಲಸಿನ ಸೊಪ್ಪು! ಮೇಡಮ್ಮು ಬಾಗಿಲಿಗೇ ಅಡ್ಡ ನಿಂತಿದ್ದರು. “ಆಡು ತತ್ತೀನಿ ಅಂದ್ರಂತಲ್ಲ ಸಾರ್? ಒಳಕ್ ಮಾತ್ರ ಬೇಡ ಕಣ್ರೀ, ಈಗಿನ್ನೂ ಗುಡ್ಸಿವ್ನಿ.”

“ಆಡಲ್ಲಮ್ಮಾ, ಹ್ಹಾಡು!” ಎಂದು ಹೊಟ್ಟೆಯಿಂದ ಹಕಾರ ಎಳೆದು, ಪೊರಕೆಯ ಹಾಡನ್ನು ಕುಣಿದು ಹಾಡಿದೆ. ಮಕ್ಕಳು ನನ್ನ ಬೆನ್ನ ಹಿಂದೆ ಇಣುಕಿ, ಹಗ್ಗ ಹುಡುಕಿದರು.

ಮೂಲೆಯಿಂದ ಪುಟ್ಟಿ ಎದ್ದು ಬಂದಳು. ಒಂದು ಕೈಯಲ್ಲಿ ಸೊಪ್ಪು, ಇನ್ನೊಂದು ಸೊಂಟದ ಮೇಲೆ.

“ತಾತ, ಇದು ಆಡಲ್ಲ. ಇದುಕ್ಕೆ ಪದ ಅಂತಾರೆ. ಆಡು ಮ್ಯಾ ಅಂತದೆ!”

“ಮಾತಾಡ್ತು ಕಣ್ರೀ ಸಾರ್!” ಎಂದು ಮೇಡಮ್ಮು ಕೂಗಿದರು. ನಾನಂತೂ ಮೊಣಕಾಲೂರಿ ಕೂತು ಬೇಡಿಕೊಂಡೆ: “ಇನ್ನೊಂದ್ಸಲ ಹೇಳವ್ವಾ.”

ಪುಟ್ಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಒಂದ್ಸಲ ಯೋಳುದ್ರೆ ಗೊತ್ತಾಗಾಕಿಲ್ವಾ?”