ಸತ್ಯವಂತ ರೂಮ್‌ಮೇಟೂ ನನ್ನ ಮದುವೆಯೂ

ಕೆಲವು ಪಜೀತಿಗಳು ನನ್ನ ವಿಳಾಸ ಹುಡುಕಿಕೊಂಡೇ ಬರ್ತವೆ. ಡಾಟ್‌ಕಾಮ್ ಕಾಲದಲ್ಲಂತೂ ಅವು ಅಮೆರಿಕದಲ್ಲಿ ನಮ್ಮ ಯೂನಿಯನ್ ಸಿಟಿ ಅಪಾರ್ಟ್‌ಮೆಂಟಿನಲ್ಲೇ ವಾಸವಾಗಿದ್ದವು. ಕಾರಣ ನನ್ನ ರೂಮ್‌ಮೇಟು. ಹಾಸನದ ಕಡೆಯವನು, ಸಜ್ಜನನಾಗಿ ಬದುಕೋಕೆ ಅಂತ ನಿಯಮಗಳನ್ನ ಮಾಡಿಕೊಂಡವನು. ನನಗೋ ಮದುವೆ ಆಗಬೇಕಿತ್ತು. ಮೂವತ್ತು ದಾಟಿತ್ತು, ತಲೆಕೂದಲು ಇನ್ನು ಕಾಯೋ ಸ್ಥಿತಿಯಲ್ಲಿರಲಿಲ್ಲ.

ಸುಳ್ಳು ಹೇಳಬಾರದು

ಹೆಣ್ಣಿನ ಕಡೆಯವರಿಗೆ ಕಳಿಸೋಕೆ ಅಂತ ಮಿಲ್ಪಿಟಾಸಿನ ನಮ್ಮ ಆಫೀಸಿನೆದುರು ಒಂದು ಕೆಂಪು ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡೆ. ಕಾರು ಯಾರದ್ದೋ. ಮೈಸೂರಿನಿಂದ ಹುಡುಗಿಯ ಅಪ್ಪ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ.

"ಹುಡುಗನ ಕಾರು ಬಹಳ ಚೆನ್ನಾಗಿದೆ" ಅಂದರಂತೆ.

"ಫೋಟೋ ತೆಗೆದವನು ನಾನೇ ಸಾರ್" ಅಂದನಂತೆ ಈ ಮಹಾನುಭಾವ. "ತೆಗೆದ ಮೇಲೆ ಇಬ್ಬರೂ ಓಡಿಹೋಗಿ ಬಸ್ಸು ಹಿಡಿದ್ವಿ."

ಪರರ ವಸ್ತು ಇಟ್ಟುಕೊಳ್ಳಬಾರದು

ಆಮೇಲೆ ನನ್ನ ಕಂಪನಿ ಮುಚ್ಚಿತು. ಕೊನೆಯ ದಿನ ಎಲ್ಲರೂ ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಹೊರಟರು. ನಾನು ಮ್ಯಾನೇಜರನ ಚರ್ಮದ ಕುರ್ಚಿ ತಂದೆ. ನಮ್ಮನೇಲಿ ಕೂರೋಕೆ ಇದ್ದದ್ದು ಅದೊಂದೇ.

ಇನ್ನೊಬ್ಬ ಹುಡುಗಿಯ ಚಿಕ್ಕಪ್ಪ ನನ್ನನ್ನ ನೋಡೋಕೆ ಬಂದರು. ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ.

"ಕೆಲಸ ಹೇಗಿದೆ?"

"ಉಸಿರಾಡೋಕೂ ಬಿಡುವಿಲ್ಲ ಸಾರ್."

ರೂಮ್‌ಮೇಟು ಒಳಗಿಂದ ಬಂದು ಕೈಮುಗಿದ. "ಸ್ವಲ್ಪ ಏಳ್ತೀರಾ ಸಾರ್? ಇವನ ಕಂಪನಿ ಮುಚ್ಚಿಹೋಯ್ತು. ಈ ಕುರ್ಚಿ ಅಲ್ಲಿನ ಮ್ಯಾನೇಜರದ್ದು, ವಾಪಸ್ ಕೊಟ್ಟು ಬರ್ತೀನಿ."

ಚಿಕ್ಕಪ್ಪನವರು ಲೋಟ ನನ್ನ ಕೈಗಿಟ್ಟರು. ಕುರ್ಚಿಯ ಇನ್ನೊಂದು ಕಡೆ ಹಿಡಿದುಕೊಂಡು ಅದರ ಜತೆಗೇ ಮೆಟ್ಟಿಲಿಳಿದು ಹೋದರು.

ಬೆನ್ನ ಹಿಂದೆ ಮಾತಾಡಬಾರದು

ಹೇವರ್ಡಿನಲ್ಲಿ ಹೇಗೋ ಕೆಲಸ ಸಿಕ್ಕಿತು, ಮತ್ತೊಂದು ಸಂಬಂಧವೂ ಬಂತು. ಹುಡುಗಿಯ ಫೋಟೋ ನೋಡಿ ನಾನು ಕರಗಿಹೋಗಿದ್ದೆ. ಅವಳ ಸೋದರಮಾವ ಇಲ್ಲೇ ಡಾಕ್ಟರು. ನನ್ನ ಬಗ್ಗೆ ವಿಚಾರಿಸೋಕೆ ರೂಮ್‌ಮೇಟಿಗೇ ಫೋನ್ ಮಾಡ್ತಾರೆ ಅಂತ ಗೊತ್ತಾಯ್ತು.

"ಕಾಲಿಗೆ ಬೀಳ್ತೀನಿ ಕಣೋ, ಏನೂ ಗೊತ್ತಿಲ್ಲ ಅಂದುಬಿಡು" ಅಂದೆ.

"ಗೊತ್ತಿದೆಯಲ್ಲ" ಅಂದ. ಫೋನ್ ಬಂದಾಗ, ಬೆನ್ನ ಹಿಂದೆ ಆಡಬಾರದು ಅಂತ ನನ್ನನ್ನ ಎದುರಿಗೇ ಕೂರಿಸಿಕೊಂಡು, ಅದನ್ನ ಡಾಕ್ಟರಿಗೂ ತಿಳಿಸಿ, ಸ್ಪೀಕರ್ ಹಾಕಿದ.

"ಹುಡುಗ ಕುಡೀತಾನಾ?"

"ಬೇರೆಯವರು ಕೊಡಿಸಿದರೆ."

"ಸಿಗರೇಟು?"

"ನಿನ್ನೆ ಬಿಟ್ಟ ಸಾರ್."

"ದೇವರು, ಪೂಜೆ?"

"ವೀಸಾ ಟೈಮಲ್ಲಿ ಮಾಡ್ತಾನೆ."

ನಾನು ಕೈಮುಗಿದು ಸಾಕು ಅಂತ ಸನ್ನೆ ಮಾಡಿದೆ.

"ಅಲ್ರೀ, ಹುಡುಗನ ಬಗ್ಗೆ ಇಷ್ಟು ನಿಜ ಹೇಳಿದವರನ್ನ ನಾನು ನೋಡೇ ಇಲ್ಲ" ಅಂದರು ಡಾಕ್ಟರು. "ನಿಮಗೆ ಮದುವೆ ಆಗಿದೆಯಾ?"

ರೂಮ್‌ಮೇಟಿನ ಕಿವಿ ಕೆಂಪಾಯ್ತು. "ಇಲ್ಲ ಸಾರ್."

"ಹಾಗಾದರೆ ನಿಮ್ಮ ಬಗ್ಗೆ ಹೇಳಿ. ನಮ್ಮ ಹುಡುಗೀಗೆ ಇಂಥವರೇ ಬೇಕು."

"ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು ಸಾರ್, ಅದು ನನ್ನ ನಿಯಮ" ಅಂದ ಸಜ್ಜನ. "ನನ್ನನ್ನ ಚೆನ್ನಾಗಿ ಬಲ್ಲವನು ಇವನು. ಇವನನ್ನೇ ಕೇಳಿ."

ಫೋನು ನನ್ನ ಮುಂದೆ ಸರಿಸಿದ. ನಾನು ಗಂಟಲು ಸರಿಮಾಡಿಕೊಂಡೆ.

"ನಮಸ್ಕಾರ ಸಾರ್" ಅಂದೆ. "ಎಲ್ಲಿಂದ ಶುರು ಮಾಡಲಿ?"