ಕನ್ನಡ ಮೇಡಂ ಬ್ಯಾಸ್ಕೆಟ್‌ಬಾಲ್ ಕಲಿತದ್ದು

ಒಬ್ಬಳೇ ಸದ್ದಿಲ್ಲದೆ ಏನಾದರೂ ಕಲಿಯೋಣ ಅಂದರೆ ನಮ್ಮ ಬೇಗೂರಿನ ಕಡೆ ಅದು ಆಗೋ ಮಾತಲ್ಲ. ನೋಡೋಕೆ ಒಬ್ಬರು, ಹೇಳೋಕೆ ಇಬ್ಬರು ಬಂದೇ ಬರುತ್ತಾರೆ.

ನಾನು ಹೈಸ್ಕೂಲಿನ ಕನ್ನಡ ಮೇಡಂ. ನನಗೆ ನಲವತ್ತೈದು, ನನ್ನ ಮಂಡಿಗೆ ಇನ್ನೂ ಜಾಸ್ತಿ. ಪಿ.ಟಿ. ಮಾಸ್ಟರು ವರ್ಗವಾಗಿ ಹೋದರು. ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಗುಂಡ್ಲುಪೇಟೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಲೇಬೇಕೆಂಬ ಆಸೆ. ಹೆಡ್ಮಾಸ್ಟರು, "ಕಲಿಸೋರಿಲ್ಲದೆ ಹೆಸರು ಹೆಂಗಮ್ಮ ಕಳಿಸಲಿ?" ಅಂದರು. ಹುಡುಗಿಯರ ಮುಖ ಬಾಡಿತು. "ನಾನು ಕಲಿಸ್ತೀನಿ ಸಾರ್" ಅಂದುಬಿಟ್ಟೆ.

"ಹಂಗಾದರೆ ಶನಿವಾರ ಎಲ್ಲರೆದುರು ಒಂದೇ ಒಂದು ಸಲ ರಿಂಗಿಗೆ ಹಾಕಿ ತೋರಿಸಿ. ಅವತ್ತೇ ಹೆಸರು ಕಳಿಸ್ತೀನಿ."

ಅಲ್ಲೀವರೆಗೆ ನಾನು ಆ ಚೆಂಡು ಮುಟ್ಟಿದ್ದು ಆಯುಧಪೂಜೆಯಲ್ಲಿ ಕುಂಕುಮ ಇಡೋವಾಗ ಮಾತ್ರ.

ಪುಟಿಸೋದು

ಬೆಳಿಗ್ಗೆ ಬೇಗ ಹೋದೆ. ನೋಡಿದರೆ ಕೋರ್ಟಿನ ತುಂಬಾ ಹುರುಳಿ ಗಿಡ! ಪಕ್ಕದ ಮನೆಯ ಅಜ್ಜಿ ಒಕ್ಕಣೆಗೆ ಹರಡಿ ಕಾವಲು ಕೂತಿದ್ದರು. ಜಗಳ ಯಾಕೆ ಅಂತ ಮೂಲೆಯಲ್ಲೇ ಚೆಂಡು ಪುಟಿಸತೊಡಗಿದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು.

"ಅದ್ಯಾಕವ್ವಾ ಬರೀ ನೆಲ ಕುಟ್ಟೀಯೆ? ಇತ್ಲಾಗ್ ಬಾ, ಇದರ ಮ್ಯಾಕೆ ಕುಟ್ಟು. ರೋಡ್ನಾಗೆ ಆಕುದ್ರೆ ಬಸ್ನೋರು ಬೈತಾರೆ."

ಗಿಡದ ಮೇಲೆ ಚೆಂಡು ಪುಟಿಯುತ್ತದೆಯೇ? ಬಿದ್ದಲ್ಲೇ ಕೂರುತ್ತಿತ್ತು. ನಾನೂ ಹಟಮಾರಿ. ಎತ್ತಿ ಎತ್ತಿ ಬಡಿದೆ. ಬೆವರು ಕಿತ್ತುಕೊಂಡು ಬಂತು. ಇವತ್ತಿಗೆ ಸಾಕು ಅಂತ ಹೊರಟರೆ ಅಜ್ಜಿ ಗದರಿದರು: "ಆ ಮೂಲೆ ಬುಟ್‌ಬುಟ್ಟೆ ಕಣವ್ವ! ಅರ್ಧಂಬರ್ಧ ಕೆಲ್ಸ ಮಾಡೋರಿಗೆ ಮಕ್ಳುನ್ನ ಕಲ್ಸಕ್ಕೆ ಯಾರು ಕೊಟ್ಟಾರು?"

ನೆಗೆಯೋದು

ಎರಡು ಹೆಜ್ಜೆ ಇಟ್ಟು, ನೆಗೆದು, ಕೈ ಮೇಲೆತ್ತಿ ಚೆಂಡು ಬಿಡಬೇಕಂತೆ. ಮೊಬೈಲಿನಲ್ಲಿ ನೋಡಿದ್ದೆ. ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಸುಮ್ಮನೆ ಯಾಕೆ ನಿಲ್ಲಲಿ ಅಂತ ಚೆಂಡಿಲ್ಲದೆಯೇ ಶುರು ಮಾಡಿದೆ. ಒಂದು, ಎರಡು, ನೆಗೆತ! ಕೀರ್ ಅಂತ ಬ್ರೇಕು. ಬೇಗೂರಿನಲ್ಲಿ ಯಾವತ್ತೂ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸು ನನ್ನ ಮುಂದೆ ನಿಂತಿತ್ತು.

ಕಂಡಕ್ಟರು ಗಾಬರಿಯಿಂದ, "ಏನಾಯ್ತು ಮೇಡಂ?" ಅಂದರು.

"ಏನಿಲ್ಲಪ್ಪ, ಪ್ರಾಕ್ಟೀಸು."

ಅವರು ಬೈದುಕೊಂಡು ಸೀಟಿ ಊದುವಷ್ಟರಲ್ಲಿ ಸ್ಟಾಪಿನಲ್ಲಿದ್ದ ಜನವೆಲ್ಲ ಹತ್ತಿಯಾಗಿತ್ತು. ಮಾರನೇ ದಿನ ನನ್ನ ಮಾನ ಉಳಿಸಿಕೊಳ್ಳೋಣ ಅಂತ ಕೈಕಟ್ಟಿ ನಿಂತಿದ್ದೆ. ತರಕಾರಿ ಮೂಟೆ ಇಟ್ಟುಕೊಂಡಿದ್ದ ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೇಡಂ, ಮೈಸೂರು ಎಕ್ಸ್‌ಪ್ರೆಸ್ ಬತ್ತಾದೆ. ನೆನ್ನೆ ತರ ಒಂದ್ಸಲ ನೆಗೀರಿ."

ಹಾಕೋದು

ಶನಿವಾರ ಬಂತು. ಹಿಂದಿನ ದಿನದವರೆಗೂ ಒಂದೇ ಒಂದು ಚೆಂಡೂ ಒಳಗೆ ಹೋಗಿರಲಿಲ್ಲ. ಒಬ್ಬ ಹುಡುಗಿಯ ಅಪ್ಪ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರಿ. ಬರೀ ರಿಂಗು ಲಕ್ಷಣವಾಗಿಲ್ಲ ಅಂತ ಬೆಳಿಗ್ಗೆಯೇ ಏಣಿ ಹಾಕಿ ಹೊಸ ಕೆಂಪು ಬಲೆ ಚೀಲ ಕಟ್ಟಿದ್ದರು. ನೋಡೋಕೆ ಚೆನ್ನಾಗೇ ಇತ್ತು.

ಸೆರಗು ಸಿಕ್ಕಿಸಿಕೊಂಡೆ. ಮೊದಲನೆಯದು ಕಾಂಪೌಂಡಿನಾಚೆ. ಎರಡನೆಯದು ಹೆಡ್ಮಾಸ್ಟರ ಕಾಫಿ ಲೋಟಕ್ಕೆ. "ಸಾಕು ಬಿಡೀಮ್ಮ" ಅಂದರು. "ಇನ್ನೊಂದೇ ಒಂದು ಸಾರ್" ಅಂತ ಮಾದಪ್ಪನ್ನ ನೆನೆದು ಎಸೆದೆ. ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಮೇಲೆ ಒಂದು ಸುತ್ತು ಹಾಕಿ, ಒಳಗೆ ಹೋಯಿತು!

ಕೆಳಗೆ ಬರಲಿಲ್ಲ.

ಹೆಡ್ಮಾಸ್ಟರು ರಿಂಗಿನಡಿ ನಿಂತು ಕತ್ತೆತ್ತಿ ನೋಡಿದರು. "ಹೋಗಿರೋದಂತೂ ನಿಜ. ಸಾಕ್ಷಿ ಇನ್ನೂ ಅಲ್ಲೇ ನೇತಾಡ್ತಿದೆ. ಹೆಸರು ಕಳಿಸ್ತೀನಿ" ಅಂದರು. ಹುಡುಗಿಯರು ಕಿರುಚಿ ಬಂದು ನನ್ನನ್ನು ತಬ್ಬಿಕೊಂಡರು. ನನಗೆ ಅಳುವೂ ಬಂತು, ನಗುವೂ ಬಂತು.

ಸುಧಾರಿಸಿಕೊಂಡು ವ್ಯಾಪಾರಿಯನ್ನು ಕೇಳಿದೆ: "ಅಲ್ಲಾರೀ, ಚೀಲದ ತಳ ಕತ್ತರಿಸಬಾರದಾ?"

ಅವರು ನನ್ನನ್ನೇ ಅಯ್ಯೋ ಪಾಪ ಅನ್ನುವಂತೆ ನೋಡಿದರು. "ನೀವೊಳ್ಳೆ ಮೇಡಂ! ತಳ ಇಲ್ದಿರೋ ಚೀಲ ಕಟ್ಟುದ್ರೆ, ಆಕಿದ್ ಮಾಲೆಲ್ಲ ಸುರ್ದೋಗಕಿಲ್ವಾ?"